ಎಂಟು ಅಂಗುಲದ ಕಾಲು

ಬುಟಿಬೋರಿಯ ಕಟ್ಟಿಗೆ ಅಂಗಡಿಗೆ ಹೋದ ಮೊದಲ ದಿನ ನಾನು ಕೇಳಿದ್ದು ‘ಮಂಚ’ಕ್ಕೆ ಬೇಕಾದ ಮರ. ಅಂಗಡಿಯವರು ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ಎಷ್ಟು ಫೂಟಿನದು ಎಂದರು. ಆರು, ಮೂರು ಎಂದೆ. ಇಷ್ಟು ಚಿಕ್ಕದೇ, ಎಷ್ಟು ಜನ ಹತ್ತಿ ನಿಲ್ಲುತ್ತಾರೆ ಎಂದು ಕೇಳಿದರು. ಆಗ ನನಗೆ ಹೊಳೆಯಿತು. ಇಲ್ಲಿಯ ಕಿವಿಗೆ ಮಂಚವೆಂದರೆ ವೇದಿಕೆ, ಭಾಷಣ ಮಾಡುವ ಜಾಗ. ನಿಲ್ಲುವುದಕ್ಕಲ್ಲ, ಮಲಗುವುದಕ್ಕೆ ಎಂದ ಮೇಲೆ ಅವರು ಜೋರಾಗಿ ನಕ್ಕು, “ಮಗ ಪಲಂಗ ಮ್ಹಣಾ ನಾ!” ಎಂದರು.

ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡಿ, ಅನುವಾದದಿಂದ ಹೊಟ್ಟೆ ಹೊರೆಯುವ ನನಗೆ ಇದು ತಿಳಿದಿರಬೇಕಿತ್ತು. ಪದ ಒಂದೇ. ಸಂಸ್ಕೃತದ ‘ಮಂಚ’ದ ಮೂಲ ಅರ್ಥ ಕಂಬಗಳ ಮೇಲೆ ಎತ್ತಿ ಕಟ್ಟಿದ ಅಟ್ಟಣೆ. ನಮ್ಮ ಹೊಲಗಳಲ್ಲಿ ಹಕ್ಕಿ ಕಾಯಲು ಕಟ್ಟುತ್ತಿದ್ದ ಮಂಚಿಕೆ, ತೆಲುಗರ ಮಂಚೆ, ಹುಲಿ ಬೇಟೆಯ ದೊರೆಗಳು ಇಂಗ್ಲಿಷಿಗೆ ಹೊತ್ತೊಯ್ದ ಮಚಾನ್, ಎಲ್ಲ ಅದರ ಮಕ್ಕಳೇ. ಕನ್ನಡಿಗರು ಅದರ ಮೇಲೆ ಹಾಸಿಗೆ ಬಿಡಿಸಿ ಮಲಗಿದೆವು, ಮರಾಠಿಗರು ಮೈಕು ಹಿಡಿದು ನಿಂತರು. ಎರಡರಲ್ಲೂ ಉಳಿದದ್ದು ಎತ್ತರ, ನೆಲದಿಂದ ಮೇಲಿರುವುದು.

ನನಗೆ ಬೇಕಾಗಿದ್ದೂ ಎತ್ತರವೇ, ಆದರೆ ಸರಿಯಾದ ಎತ್ತರ. ಧಾರವಾಡದ ಕಡೆಯ ಹಳ್ಳಿಯಿಂದ ಅವ್ವ ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವವಳಿದ್ದಳು. ಅವಳ ಮೊಣಕಾಲು ಸವೆದಿದೆ; ನೆಲದಿಂದ ಏಳಬೇಕಾದರೆ ಗೋಡೆ, ಬಾಗಿಲು, ಯಾರಾದರೊಬ್ಬರ ಕೈ ಬೇಕು. ಹಾಗಿದ್ದೂ ಮೂರು ವರ್ಷದಿಂದ ಅವಳು ಮಲಗುವುದು ಚಾಪೆಯ ಮೇಲೆಯೇ. ಫೋನಿನಲ್ಲಿ ಹೇಳಿದಾಗ, “ಮಂಚಾ ಗಿಂಚಾ ಏನೂ ಬ್ಯಾಡ ನನಗ, ಒಂದು ಚಾಪಿ ಇದ್ರ ಸಾಕು” ಎಂದಳು. ಕಾರಣ ಗೊತ್ತಿತ್ತು, ಕೇಳಲಿಲ್ಲ. ಅಂಗಡಿಯಲ್ಲಿ ಸಿಗುವ ಮಂಚಗಳನ್ನು ನೋಡಿ ಬಂದೆ. ಅವುಗಳ ದಪ್ಪ ಗಾದಿಯ ಮೇಲೆ ಅವ್ವ ಕೂತರೆ ಕಾಲು ನೆಲಕ್ಕೆ ಮುಟ್ಟುವುದಿಲ್ಲ, ಮಗುವಿನಂತೆ ಜೋತಾಡುತ್ತವೆ. ಹಾಗಾಗಿ ಮನೆಯಲ್ಲೇ ಮಾಡುವುದೆಂದು ಹಟ ಹಿಡಿದೆ.

ಮಂಚಕ್ಕೆ ನಮ್ಮೂರಿನ ಮಾತು ಹೊರಸು. ನಾಲ್ಕು ಕಾಲು, ನಾಲ್ಕು ಪಟ್ಟಿ, ನಡುವೆ ಪುಂಡಿ ನಾರಿನ ಹಗ್ಗದ ಹೆಣಿಗೆ. ಬಾಣಂತಿಗೆ ಹೊರಸು ಹಾಕಿ ಕೆಳಗೆ ಕೆಂಡದ ಶಗಡಿ ಇಡುತ್ತಿದ್ದರು. ವಿದರ್ಭದಲ್ಲಿ ಇದೇ ಬಾಣಂತಿಯ ಮಂಚಕ್ಕೆ ‘ಬಾಜ’ ಎನ್ನುತ್ತಾರೆ. ಹಿಂದಿಯ ಖಾಟ್ ಸಂಸ್ಕೃತದ ‘ಖಟ್ವಾ’ದಿಂದ ಬಂದದ್ದು, ಇಂಗ್ಲಿಷಿನ ‘ಕಾಟ್’ ಹಿಂದಿಯಿಂದ ಹೋದದ್ದು. ಆ ಖಟ್ವಾ ಎಲ್ಲಿಂದ ಬಂತು? ತಮಿಳು, ಮಲಯಾಳದಲ್ಲಿ ಮಂಚಕ್ಕೆ ಕಟ್ಟಿಲ್ ಎನ್ನುತ್ತಾರೆ; ಅದರ ಹಿಂದಿರುವುದು ‘ಕಟ್ಟು’ ಎಂಬ ನಮ್ಮದೇ ಕ್ರಿಯಾಪದ, ಸಂಸ್ಕೃತಕ್ಕೆ ಪದ ಹೋದದ್ದು ದ್ರಾವಿಡದಿಂದಲೇ ಎಂದು ಹಲವು ವಿದ್ವಾಂಸರು ವಾದಿಸಿದ್ದಾರೆ. ನನಗೂ ಅದು ಒಪ್ಪುವ ಮಾತು. ಹಗ್ಗದ ಮಂಚವನ್ನು ಕಂಡವರಿಗೆ ಅದು ಬಡಿದು ಮಾಡಿದ ವಸ್ತುವಲ್ಲ, ಕಟ್ಟಿ ಮಾಡಿದ ವಸ್ತು ಎಂದು ತಿಳಿದೇ ಇರುತ್ತದೆ. 14ನೇ ಶತಮಾನದಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತ ಇದನ್ನು ನೋಡಿ ಬೆರಗಾಗಿದ್ದ. ಒಬ್ಬನೇ ಎತ್ತಬಲ್ಲಷ್ಟು ಹಗುರ, ಪ್ರಯಾಣಿಕರು ತಮ್ಮ ಮಂಚವನ್ನು ಆಳುಗಳ ತಲೆಯ ಮೇಲೆ ಹೊರಿಸಿಕೊಂಡೇ ತಿರುಗುತ್ತಾರೆ ಎಂದು ಬರೆದ. ಮಂಚದಲ್ಲಿ ಮಲಗುವವರು ಯಾರು, ಅದನ್ನು ಹೊರುವವರು ಯಾರು ಎಂಬುದು ಆ ವರ್ಣನೆಯಲ್ಲೇ ಇದೆ.

ಮಂಚ ಹತ್ತುವುದಕ್ಕೆ ಅರ್ಹತೆ ಬೇಕು ಎಂಬ ಮಾತು ವ್ಯಾಕರಣದ ಸೂತ್ರದೊಳಗೂ ಹೊಕ್ಕಿದೆ. ಪಾಣಿನಿಯ ಎರಡನೆಯ ಅಧ್ಯಾಯದಲ್ಲಿ ‘ಖಟ್ವಾ ಕ್ಷೇಪೇ’ ಎಂಬ ಪುಟ್ಟ ಸೂತ್ರವಿದೆ. ನಿಂದೆಯ ಅರ್ಥದಲ್ಲಿ ಖಟ್ವಾ ಶಬ್ದ ಸಮಾಸವಾಗುತ್ತದೆ ಎಂದು ಅದರ ತಾತ್ಪರ್ಯ. ಉದಾಹರಣೆ ‘ಖಟ್ವಾರೂಢ’, ಮಂಚ ಏರಿದವನು. ಇದರಲ್ಲಿ ಬೈಗುಳವೇನು? ಪತಂಜಲಿ ಬಿಡಿಸಿ ಹೇಳುತ್ತಾನೆ: ಓದು ಮುಗಿಸಿ, ಸ್ನಾನ ಮಾಡಿ, ಗುರುಗಳ ಅಪ್ಪಣೆ ಪಡೆದು ಆಮೇಲೆ ಮಂಚ ಏರಬೇಕು, ಹಾಗೆ ಮಾಡದವನು ಖಟ್ವಾರೂಢ. ವಿದ್ಯಾರ್ಥಿ ನೆಲದ ಮೇಲೆ ಮಲಗಬೇಕು, ಮಂಚ ಗೃಹಸ್ಥನದು. ಎಂ.ಎ. ಓದುವಾಗ ಹಾಸ್ಟೆಲಿನ ಕಬ್ಬಿಣದ ಮಂಚದ ಮೇಲೆ ಕೂತು ಈ ಸೂತ್ರ ಬಾಯಿಪಾಠ ಮಾಡಿದ ನಾವೆಲ್ಲ ಖಟ್ವಾರೂಢರೇ.

ಅಳತೆಗೆ ಬರುತ್ತೇನೆ. ಊರಿಗೆ ಹೋಗಿದ್ದಾಗ ಅವ್ವನ ಪಾದದಿಂದ ಮೊಣಕಾಲಿನ ಹಿಂಬದಿಯವರೆಗೆ ಅಳೆದುಕೊಂಡಿದ್ದೆ, ಪೆಟಿಕೋಟು ಹೊಲಿಯಲು ಎಂದು ಸುಳ್ಳು ಹೇಳಿ. 15½ ಅಂಗುಲ. ಹತ್ತಿಯ ಗಾದಿ 4 ಅಂಗುಲ, ಕೂತಾಗ ಅರ್ಧ ಅಂಗುಲ ಕುಗ್ಗುತ್ತದೆ. ಅಂದರೆ ಗಾದಿ ಹೊರುವ ಅಡ್ಡಪಟ್ಟಿಗಳ ಮೇಲ್ಮೈ ನೆಲದಿಂದ 12 ಅಂಗುಲ ಇರಬೇಕು. ಗಾದಿ ಜಾರದಿರಲು ಪಕ್ಕದ ಹಲಗೆ ಅದಕ್ಕಿಂತ ಒಂದು ಅಂಗುಲ ಮೇಲೆ, ಅಂದರೆ 13. ಪಕ್ಕದ ಹಲಗೆಯ ಅಗಲ 5 ಅಂಗುಲ. ಕಳೆದರೆ ಹಲಗೆಯ ಕೆಳಗೆ ಕಾಣುವ ಕಾಲು 8 ಅಂಗುಲ.

ಹಾಳೆಯ ಮೇಲೆ 8 ಎಂದು ಬರೆದು ಸುಮ್ಮನೆ ಕೂತೆ. ಈ ಲೆಕ್ಕ ನಾನು ಎಲ್ಲೋ ಓದಿದ್ದೆ.

ಪಾಲಿ ವಿನಯಪಿಟಕದ ಭಿಕ್ಷು ನಿಯಮಗಳಲ್ಲಿ, ಪಾಚಿತ್ತಿಯ ಎಂಬ ಗುಂಪಿನ 87ನೆಯ ನಿಯಮ ಇದು. ಹೊಸ ಮಂಚವನ್ನೋ ಪೀಠವನ್ನೋ ಮಾಡಿಸುವ ಭಿಕ್ಷು ಅದಕ್ಕೆ ಎಂಟು ಅಂಗುಲದ ಕಾಲು ಇಡಿಸಬೇಕು. ಈ ಎಂಟರಲ್ಲಿ ಪಕ್ಕದ ಹಲಗೆಯ ಕೆಳ ಅಂಚಿನಿಂದ ಮೇಲಿನದು ಲೆಕ್ಕಕ್ಕಿಲ್ಲ. ಮೀರಿದರೆ ಕಾಲು ಕತ್ತರಿಸಿ, ಆಮೇಲೆ ತಪ್ಪೊಪ್ಪಿಗೆ. ಕಾನೂನು ಬರೆದವರಿಗೆ ಬಡಿಗತನ ಚೆನ್ನಾಗಿ ಗೊತ್ತಿತ್ತು. ಅಳತೆ ಎಲ್ಲಿಂದ ಎಲ್ಲಿಗೆ ಎಂದು ಹೇಳದೆ ಬಿಟ್ಟಿದ್ದರೆ ಜಾಣ ಭಿಕ್ಷುಗಳು ಹಲಗೆಯನ್ನೇ ಎರಡು ಗೇಣು ಅಗಲ ಮಾಡಿಸುತ್ತಿದ್ದರು. ನಿಯಮದ ಹಿಂದಿನ ಕಥೆಯೂ ಇದೆ. ಶಾಕ್ಯ ಕುಲದ ಉಪನಂದ ಎತ್ತರದ ಮಂಚದ ಮೇಲೆ ಮಲಗಿದ್ದ. ಬುದ್ಧ ವಸತಿಗಳನ್ನು ನೋಡುತ್ತ ಬಂದಾಗ, ನನ್ನ ಮಂಚ ನೋಡಬನ್ನಿ ಎಂದು ಹೆಮ್ಮೆಯಿಂದ ಕರೆದ. ಬುದ್ಧ ಅಲ್ಲಿಂದಲೇ ಹಿಂದಿರುಗಿದ. ಹೊಸ ಸೋಫಾ ತೋರಿಸಲು ಕರೆಯುವ ನೆಂಟರ ಮನೆಯಲ್ಲಿ ನಮಗೆ ಆ ಸ್ವಾತಂತ್ರ್ಯ ಇರುವುದಿಲ್ಲ.

ಉಪೋಸಥದ ದಿನ ಗೃಹಸ್ಥರೂ ಪಾಲಿಸುವ ಎಂಟು ಶೀಲಗಳಲ್ಲಿ ‘ಉಚ್ಚಾಸಯನ, ಮಹಾಸಯನ’ಗಳನ್ನು, ಎಂದರೆ ಎತ್ತರದ ಮತ್ತು ವೈಭವದ ಹಾಸಿಗೆಗಳನ್ನು, ಬಿಡುವುದೂ ಒಂದು. ಆದರೆ ವಿನಯ ಬರೀ ಬೋಧನೆಯಲ್ಲ, ಸಂಸಾರದ ವಿವರ. ತಗ್ಗಿನ ಮಂಚದಲ್ಲಿ ಮಲಗಿದ್ದ ಭಿಕ್ಷುವಿಗೆ ಹಾವು ಕಚ್ಚಿತು. ಆಗ ಮಂಚದ ಕಾಲುಗಳ ಅಡಿಗೆ ಆಸರೆ ಇಡಲು ಅಪ್ಪಣೆಯಾಯಿತು. ನಮ್ಮ ಮನೆಗಳಲ್ಲಿ ಮಂಚದ ಕಾಲಿಗೆ ಇಟ್ಟಿಗೆ ಕೊಡುವುದಿಲ್ಲವೇ, ಅದೇ. ಕೂಡಲೇ ಕೆಲವರು ಎತ್ತೆತ್ತರದ ಆಸರೆ ಇಟ್ಟುಕೊಂಡರು, ಅದಕ್ಕೂ ಎಂಟು ಅಂಗುಲದ ಮಿತಿ ಬಿತ್ತು.

ಆ ಕಾಲದ ಅಂಗುಲ ಬೆರಳಿನ ಅಗಲ. ಕೌಟಿಲ್ಯ ಎಂಟು ಜವೆಗೋಧಿ ಕಾಳುಗಳ ಅಗಲ ಸೇರಿದರೆ ಒಂದು ಅಂಗುಲ ಎನ್ನುತ್ತಾನೆ, ಸುಮಾರು ಮುಕ್ಕಾಲು ಇಂಚು. ನಿಯಮದಲ್ಲಿ ಹೇಳಿರುವುದು ‘ಸುಗತನ ಅಂಗುಲ’, ಬುದ್ಧನ ಬೆರಳು. ಅದು ಎಷ್ಟು ದಪ್ಪ ಎಂದು ವ್ಯಾಖ್ಯಾನಕಾರರು ಜಗಳವಾಡಿದ್ದಾರೆ. ಇಂಗ್ಲಿಷರ ಇಂಚು ಬಂದಾಗ ಕನ್ನಡದವರು ಹೊಸ ಪದ ಹುಡುಕಲಿಲ್ಲ, ಹಳೆಯ ಅಂಗುಲವನ್ನೇ ಹಿಗ್ಗಿಸಿ ಕೊಟ್ಟೆವು. ಹೀಗಾಗಿ ನನ್ನ ಮಂಚ ಕನ್ನಡದ ಲೆಕ್ಕದಲ್ಲಿ ನಿಯಮಬದ್ಧ, ಪಾಲಿಯ ಲೆಕ್ಕದಲ್ಲಿ ಬಹುಶಃ ಒಂದೆರಡು ಬೆರಳು ಅಪರಾಧಿ.

ಮರ ಯಾವುದು? ಇದು ತೇಗದ ಸೀಮೆ. 2023ರಲ್ಲಿ ತೆರೆದ ಹೊಸ ಸಂಸತ್ ಭವನಕ್ಕೆ ತೇಗ ಹೋದದ್ದು ನಾಗಪುರದಿಂದಲೇ. ಆ ಬೆಲೆ ನನ್ನ ಅನುವಾದದ ಪುಟಗಳಿಗೆ ನಿಲುಕುವುದಲ್ಲ. ಬುಟಿಬೋರಿಯ ಎಂಐಡಿಸಿಗೆ ಬರುವ ಯಂತ್ರಗಳ ಪೆಟ್ಟಿಗೆಗಳನ್ನು ಬಿಚ್ಚಿದ ಪೈನ್ ಹಲಗೆಗಳು ಇಲ್ಲಿ ಸಲೀಸಾಗಿ ಸಿಗುತ್ತವೆ. ಮನೆಯಲ್ಲಿ ಯಾರಾದರೂ ಮಾಡಹೊರಟರೆ ಒಂದು ಮಾತು: ಇಂಥ ಹಲಗೆಗಳ ಮೇಲೆ ಗೋಧಿ ತೆನೆಯ ಚಿತ್ರವಿರುವ ಮುದ್ರೆ ಇರುತ್ತದೆ. ‘ಎಚ್‌ಟಿ’ ಎಂದಿದ್ದರೆ ಹುಳ ಸಾಯಲು ಮರದ ಒಡಲನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದಾರೆ ಎಂದರ್ಥ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ವಿಷಗಾಳಿ ಕೊಟ್ಟದ್ದು, ಮಲಗುವ ಕೋಣೆಗೆ ಬೇಡ. ಕಾಲುಗಳಿಗೆ ಮಾತ್ರ 3 ಅಂಗುಲ ಚೌಕದ ಹಳೆಯ ಸಾಗವಾನಿ ತುಂಡು ಕೊಂಡೆ, ಯಾವುದೋ ಕೆಡವಿದ ಮನೆಯ ಬಾಗಿಲ ಚೌಕಟ್ಟಿನದು.

ಜೋಡಣೆಯಲ್ಲಿ ನನ್ನನ್ನು ಕೈಹಿಡಿದು ನಡೆಸಿದ್ದು ಅದೇ ಅಂಗಡಿಯವರು. ಅವರು ಮೂಲತಃ ಬಡಿಗರು. ಕಾಲಿನಲ್ಲಿ ಉಳಿಯಿಂದ ಚೌಕ ತೂತು ಕೊರೆದು, ಹಲಗೆಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಒಳಗೆ ಕೂರಿಸುವುದು. ಆ ನಾಲಿಗೆಗೆ ಅವರು ‘ಚೂಲ್’ ಎನ್ನುತ್ತಾರೆ. ಬುಡ ಅಲುಗಾಡಿತು ಎಂಬ ಅರ್ಥದಲ್ಲಿ ಹಿಂದಿಯವರು ‘ಚೂಲೇಂ ಹಿಲ್ ಗಯೀ’ ಎನ್ನುವುದು ಇದರಿಂದಲೇ ಎಂದು ನನಗೆ ಆ ದಿನ ತಿಳಿಯಿತು. ನಾನು ಕೆತ್ತಿದ ಮೊದಲ ಚೂಲ್ ನಿಜಕ್ಕೂ ಅಲುಗಾಡಿತು. ಎರಡನೆಯದು ಸೀಳಿತು. ತಲೆ ಮತ್ತು ಕಾಲಿನ ಕಡೆಯ ಚಿಕ್ಕ ಹಲಗೆಗಳನ್ನು ಹೀಗೆ ಕಾಯಂ ಕೂಡಿಸಿ, ಉದ್ದದ ಎರಡು ಹಲಗೆಗಳನ್ನು ನಟ್ಟು ಬೋಲ್ಟಿನಿಂದ ಬಿಗಿದೆವು. ಬಿಚ್ಚದಿದ್ದರೆ ನಮ್ಮ ಮೆಟ್ಟಿಲು ಹತ್ತಿಸಲಾಗದು.

ಇದೂ ಹಳೆಯದೇ. ವಿನಯ ನಾಲ್ಕು ಬಗೆಯ ಮಂಚಗಳನ್ನು ಹೆಸರಿಸುತ್ತದೆ, ಐದನೆಯ ಶತಮಾನದ ಬುದ್ಧಘೋಷನ ಹೆಸರಿನಲ್ಲಿರುವ ವ್ಯಾಖ್ಯಾನ ಅವುಗಳ ಜೋಡಣೆಯನ್ನು ವಿವರಿಸುತ್ತದೆ. ಕಾಲನ್ನು ಕೊರೆದು ಹಲಗೆ ತೂರಿಸಿದ್ದು ‘ಮಸಾರಕ’. ಹಲಗೆಗಳೇ ಕಾಲನ್ನು ಕಚ್ಚಿ ಹಿಡಿದದ್ದು ‘ಬುಂದಿಕಾಬದ್ಧ’. ಕುದುರೆ, ಟಗರುಗಳ ಕಾಲಿನಂತೆ ಕೆತ್ತಿದ್ದು ‘ಕುಳೀರಪಾದಕ’. ಹೆಸರು ಮಾತ್ರ ಏಡಿಯದು. ಹಲಗೆಯನ್ನು ಕೊರೆದು ಕೆಳಗಿನಿಂದ ಕಾಲು ಸಿಕ್ಕಿಸಿದ್ದು ‘ಆಹಚ್ಚಪಾದಕ’, ಕಾಲು ಕಳಚಬಹುದಾದದ್ದು. ಈ ಕೊನೆಯದರಿಂದ ಒಂದು ಅನಾಹುತವಾಯಿತು. ಹಲಗೆ ಹಾಸದ ಅಟ್ಟದ ಮೇಲೆ ಒಬ್ಬ ಭಿಕ್ಷು ಇಂಥ ಮಂಚದ ಮೇಲೆ ಧೊಪ್ಪನೆ ಕೂತ. ಕಾಲೊಂದು ಕಳಚಿ ತೊಲೆಗಳ ಸಂದಿಯಿಂದ ಜಾರಿ ಕೆಳಗಿದ್ದವನ ತಲೆಯ ಮೇಲೆ ಬಿತ್ತು. ಅದಕ್ಕೊಂದು ನಿಯಮ, ಪಾಚಿತ್ತಿಯ 18. ನಮ್ಮ ಬೋಲ್ಟುಗಳನ್ನು ನಾನು ಎರಡೆರಡು ಸಲ ಬಿಗಿದೆ.

ಅಂಗಡಿಯ ಗೋಡೆಯಲ್ಲಿ ಬುದ್ಧನ ಚಿತ್ರ, ಪಕ್ಕದಲ್ಲಿ ಬಾಬಾಸಾಹೇಬರದು. ಎಂಟು ಅಂಗುಲದ ಕಥೆ ಅವರಿಗೆ ಇಷ್ಟವಾಗುತ್ತದೆಂದು ಹೇಳಿದೆ. ಅವರು ಗರಗಸ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಅಜ್ಜನಿಗೆ ಒಂದು ಖಾಟ್ ಇತ್ತಂತೆ, ತಾನೇ ಮಾಡಿಕೊಂಡದ್ದು. ಬಡಿಗತನದ ಕೈ ಅಜ್ಜನಿಂದಲೇ ಬಂದದ್ದು. ಆದರೆ ಪಾಟೀಲರು ಬೀದಿಯಲ್ಲಿ ಬರುತ್ತಿದ್ದಾರೆಂದರೆ ತನ್ನ ಅಂಗಳದಲ್ಲಿ, ತನ್ನ ಖಾಟಿನಿಂದ, ಅಜ್ಜ ಕೆಳಗಿಳಿದು ನೆಲದ ಮೇಲೆ ಕೂರಬೇಕಿತ್ತು. ಜ್ವರ ಬಂದಿದ್ದರೂ. ಆಮೇಲಾಮೇಲೆ ಅಜ್ಜ ಖಾಟನ್ನು ಮನೆಯೊಳಗೆ ಗೋಡೆಗೆ ಒರಗಿಸಿಟ್ಟುಬಿಟ್ಟನಂತೆ, ಹತ್ತಿಳಿಯುವ ಗೋಜೇ ಬೇಡವೆಂದು.

ಮನುಸ್ಮೃತಿಯ ಎರಡನೆಯ ಅಧ್ಯಾಯ ಹಿರಿಯರು ಬಳಸುವ ಹಾಸಿಗೆ, ಆಸನಗಳಲ್ಲಿ ಕೂರಬೇಡ, ನೀನು ಮಂಚದ ಮೇಲಿದ್ದಾಗ ಅವರು ಬಂದರೆ ಎದ್ದು ನಮಸ್ಕರಿಸು ಎನ್ನುತ್ತದೆ. ಇಷ್ಟರವರೆಗೆ ಮನೆಯಲ್ಲಿ ಹೇಳಿಕೊಡುವ ಮರ್ಯಾದೆ. ಎಂಟನೆಯ ಅಧ್ಯಾಯಕ್ಕೆ ಬಂದರೆ, ಮೇಲಿನವನ ಆಸನದಲ್ಲಿ ಜೊತೆಗೆ ಕೂರಬಯಸುವ ಕೆಳಜಾತಿಯವನ ಸೊಂಟಕ್ಕೆ ಬರೆ ಹಾಕಿ ಗಡೀಪಾರು ಮಾಡು ಎಂದಿದೆ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟ ಪುಸ್ತಕ ಇದು. 1956ರ ಅಕ್ಟೋಬರ್ 14ರಂದು, ಬುಟಿಬೋರಿಯಿಂದ ಒಂದು ಗಂಟೆಯ ಹಾದಿಯಲ್ಲಿರುವ ಇಂದಿನ ದೀಕ್ಷಾಭೂಮಿಯಲ್ಲಿ ಲಕ್ಷಾಂತರ ಜನ ಅಂಬೇಡ್ಕರರೊಂದಿಗೆ ಬೌದ್ಧರಾದರು. ಆ ಜನರ ನಡುವೆ ಈ ಅಜ್ಜನೂ ಇದ್ದ. ಅಂದು ಕೊಟ್ಟದ್ದು ಪಂಚಶೀಲ ಮತ್ತು 22 ಪ್ರತಿಜ್ಞೆಗಳು. ಎತ್ತರದ ಮಂಚ ಬಿಡು ಎಂಬ ಮಾತು ಐದರಲ್ಲಿ ಬರುವುದಿಲ್ಲ, ಎಂಟರಲ್ಲಿ ಬರುತ್ತದೆ. ಬರದಿದ್ದುದೇ ಸರಿಯಾಯಿತು ಎಂದು ನನಗನಿಸುತ್ತದೆ. ಮಂಚ ಬಿಡಬೇಕಾದರೆ ಮೊದಲು ಅದರ ಮೇಲೆ ಕೂತಿರಬೇಕಲ್ಲ. ದೀಕ್ಷೆಯಿಂದ ಮರಳಿದ ಮೇಲೆ ಅಜ್ಜ ಖಾಟನ್ನು ಅಂಗಳಕ್ಕೆ ತಂದು ಹಾಕಿದನೇ ಎಂದು ಕೇಳಿದೆ. “ಪಹಿಲ್ಯಾ ದಿವಶೀ,” ಎಂದರು, ಮೊದಲ ದಿನವೇ.

ಎತ್ತರದ ಹುಚ್ಚು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ನಮ್ಮ ವಿಜಯನಗರವೇ ಸಾಕ್ಷಿ. 1520ರ ಆಸುಪಾಸಿನಲ್ಲಿ ಕೃಷ್ಣದೇವರಾಯನ ಅರಮನೆ ನೋಡಿದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಯಸ್ ಒಂದು ಕೋಣೆಯಲ್ಲಿ ಬೆಳ್ಳಿ ಸರಪಳಿಗಳಿಂದ ತೂಗುಬಿಟ್ಟ ಮಂಚವನ್ನೂ, ಅದರ ಎದುರಿನ ಕೋಣೆಯಲ್ಲಿ ಚಿನ್ನದ ಸರಪಳಿಯ ಇನ್ನೊಂದನ್ನೂ ಕಂಡು ಬರೆದಿದ್ದಾನೆ. ನನ್ನ ಕಣ್ಣು ನಿಂತದ್ದು ಸರಪಳಿಯ ಮೇಲಲ್ಲ. ಗಾಳಿಯಲ್ಲಿ ತೂಗುವ ಈ ಮಂಚಗಳಿಗೆ ಕಾಲುಗಳಿದ್ದವು, ಚಿನ್ನದ ಕಾಲುಗಳು. ನೆಲ ಮುಟ್ಟುವ ಕೆಲಸವೇ ಇಲ್ಲದ ಕಾಲುಗಳು.

ನೆಲ ಮುಟ್ಟುವುದು ಅವ್ವನ ವಿಷಯ. ನಮ್ಮಲ್ಲಿ ಪ್ರಾಣ ಹೋಗುವ ಹೊತ್ತಿಗೆ ಮಂಚದಿಂದ ಕೆಳಗಿಳಿಸುತ್ತಾರೆ. ಗರುಡಪುರಾಣ ಸಗಣಿ ಸಾರಿಸಿದ ನೆಲದ ಮೇಲೆ ದರ್ಭೆ, ಎಳ್ಳು ಹರಡಿ ಮಲಗಿಸಲು ಹೇಳುತ್ತದೆ. ಪುರಾಣ ಓದದ ಮನೆಗಳಲ್ಲೂ ಇಳಿಸುವುದು ಇದ್ದೇ ಇದೆ. ಮಂಚದ ಮೇಲೆ ಸತ್ತವರು ಇತ್ತ ನೆಲದವರೂ ಅಲ್ಲ, ಅತ್ತ ಮುಗಿಲಿನವರೂ ಅಲ್ಲ ಎಂದು ಹೆದರುತ್ತಾರೆ. ಮೂರು ವರ್ಷದ ಹಿಂದೆ ಅಪ್ಪ ಹೋದದ್ದು ಬೆಳಗಿನ ಜಾವ, ಮಂಚದ ಮೇಲೆ, ಅವ್ವ ನೀರು ಕಾಯಿಸಲು ಒಳಗೆ ಹೋದ ಐದು ನಿಮಿಷದಲ್ಲಿ. ಬಂದವರೆಲ್ಲ ಮೊದಲು ಕೇಳಿದ್ದು ಒಂದೇ: “ಕೆಳಗ ಇಳಸಿದ್ರಿಲ್ಲೋ?” ಅವ್ವ ಯಾರಿಗೂ ಉತ್ತರ ಕೊಡಲಿಲ್ಲ. ಮಂಚವನ್ನು ತಿಂಗಳೊಳಗೆ ಯಾರಿಗೋ ಕೊಟ್ಟುಬಿಟ್ಟಳು. ಅಂದಿನಿಂದ ಚಾಪೆ.

ಇದಕ್ಕೆ ನನ್ನಲ್ಲಿ ವಾದವಿರಲಿಲ್ಲ. ಅದೆಲ್ಲ ಮೂಢನಂಬಿಕೆ ಎಂದು ಹೇಳಿ ಹೋಗಲಾಡಿಸುವಂಥದ್ದಲ್ಲ ಅದು. ನನಗೆ ನೆನಪಾದದ್ದು ಒಡಿಸ್ಸಿಯಸ್. ಮನೆಯಲ್ಲೇ ಮಂಚ ಮಾಡಿಕೊಂಡವರ ಕಥೆಗಳಲ್ಲಿ ನನಗೆ ಗೊತ್ತಿರುವ ಅತಿ ಹಳೆಯದು ಹೋಮರನ ಒಡಿಸ್ಸಿಯ 23ನೆಯ ಸರ್ಗದಲ್ಲಿದೆ. ಬೇರುಬಿಟ್ಟು ನಿಂತಿದ್ದ ಆಲಿವ್ ಮರದ ಸುತ್ತ ಕೋಣೆ ಕಟ್ಟಿ, ಮರದ ತಲೆ ಕಡಿದು, ಬುಡವನ್ನು ಬಾಚಿಯಿಂದ ಹೆರೆದು ಕಾಲಾಗಿ ಮಾಡಿ, ಬೈರಿಗೆಯಿಂದ ತೂತು ಕೊರೆದು, ಕೆಂಪು ಬಣ್ಣದ ಎತ್ತಿನ ತೊಗಲಿನ ಪಟ್ಟಿ ಬಿಗಿದು ಅವನು ಮಂಚ ಮಾಡುತ್ತಾನೆ. 20 ವರ್ಷದ ಮೇಲೆ ಮರಳಿದವನು ನಿಜವಾಗಿ ಗಂಡನೇ ಎಂದು ಪರೀಕ್ಷಿಸಲು ಪೆನೆಲೊಪೆ, ಆ ಮಂಚವನ್ನು ಹೊರಗೆ ತಂದು ಹಾಕಿ ಎನ್ನುತ್ತಾಳೆ. ಅವನು ಸಿಟ್ಟಾಗುತ್ತಾನೆ: ಬೇರು ನೆಲದಲ್ಲಿರುವ ಮಂಚವನ್ನು ಯಾರು ಸರಿಸಿಯಾರು? ಮಂಚವೂ ಹೌದು, ನೆಲವೂ ಹೌದು ಎಂಬಂಥದ್ದು. ಬಾಡಿಗೆ ಮನೆಯ ಎರಡನೆಯ ಮಹಡಿಯಲ್ಲಿ ಅಂಥದ್ದನ್ನು ಮಾಡುವುದು ಹೇಗೆ?

ಹದಿನಾಲ್ಕು ಅಡ್ಡಪಟ್ಟಿಗಳನ್ನು ಎರಡೂಕಾಲು ಅಂಗುಲದ ಸಂದಿ ಬಿಟ್ಟು ಹೊಡೆದು, ಉಜ್ಜುಕಾಗದದಿಂದ ತಿಕ್ಕಿ, ಅಗಸೆಎಣ್ಣೆ ಸವರಿ ಒಣಗಿಸಿದ ಐದನೆಯ ದಿನ ಅವ್ವ ಬಂದಳು. ಮಂಚ ನೋಡಿ ಏನೂ ಅನ್ನಲಿಲ್ಲ. ಅದರ ಮೇಲೆ ತನ್ನ ಚೀಲ ಇಟ್ಟು, ಪಕ್ಕದಲ್ಲಿ ಚಾಪೆ ಹಾಸಿ ಮಲಗಿದಳು. ಎರಡು ರಾತ್ರಿ ಹಾಗೇ ಕಳೆಯಿತು. ನಾನು ಪಾಣಿನಿಯ ಕಥೆ ಹೇಳಿದೆ, ಹಾವಿನ ಕಥೆ ಹೇಳಿದೆ. ಬಡಿಗರ ಅಜ್ಜನ ಕಥೆ ಹೇಳಿದಾಗ ಮಾತ್ರ ಕೈಯಲ್ಲಿದ್ದ ಬಟ್ಟೆ ಮಡಚುವುದು ನಿಲ್ಲಿಸಿ, “ಪಾಪ, ಜ್ವರಾ ಬಂದಾಗೂ ಇಳಸ್ತಿದ್ರಂತ?” ಎಂದಳು.

ಮೂರನೆಯ ರಾತ್ರಿ ಚಳಿ ಜೋರಿತ್ತು. ಡಿಸೆಂಬರಿನ ವಿದರ್ಭದ ಫರಸಿ ನೆಲ ಮಂಜುಗಡ್ಡೆಯಂತಿರುತ್ತದೆ. ಹನ್ನೊಂದರ ಸುಮಾರಿಗೆ ಎದ್ದು ನೋಡಿದರೆ ಅವ್ವ ಮಂಚದ ಅಂಚಿನಲ್ಲಿ ಕೂತಿದ್ದಳು, ಎರಡೂ ಪಾದ ನೆಲದ ಮೇಲೆ ಪೂರ್ತಿ ಊರಿತ್ತು. ಆಮೇಲೆ ನಿಧಾನವಾಗಿ ಮಗ್ಗುಲಾಗಿ ಒರಗಿ, ಬಲಗೈ ಕೆಳಗೆ ಇಳಿಬಿಟ್ಟು ಬೆರಳುಗಳಿಂದ ನೆಲ ತಡವಿದಳು. ಅಂಗೈ ಸಲೀಸಾಗಿ ನೆಲಕ್ಕೆ ತಾಗಿತು.

“ಮುಟ್ಟತೈತಿ,” ಎಂದಳು. ನಾನು ಎಚ್ಚರವಿದ್ದುದು ಅವಳಿಗೆ ಗೊತ್ತಿತ್ತು.

ಕಾಲಿನ ಕಡೆಯಿಂದ ಮೂರನೆಯ ಪಟ್ಟಿ ಇನ್ನೂ ಕಿರುಗುಟ್ಟುತ್ತದೆ. ಬರುವ ಭಾನುವಾರ ಗಾದಿ ಎತ್ತಿ ಅಲ್ಲಿ ಸ್ವಲ್ಪ ಮೇಣ ಸವರಬೇಕು.